ಡೈ ಕಟಿಂಗ್ ಮೆಷಿನ್ ಮೊದಲೇ ಕೊಳ್ಳಬೇಕಾ?

ಪ್ರಶ್ನೆ: ಮಣಿ ಕೆಲಸ, ಸೀರೆ ಕುಚ್ಚು, ಕಾಗದದಲ್ಲಿ ಚಿತ್ತಾರ ಕತ್ತರಿಸೋದು ಎಲ್ಲವೂ ನನಗೆ ಇಷ್ಟ. ವಿಡಿಯೋಗಳಲ್ಲಿ ನೋಡಿದರೆ ಎಲ್ಲರ ಹತ್ತಿರವೂ ಕಾಗದವನ್ನು ಬೇಕಾದ ಆಕಾರಕ್ಕೆ ಕತ್ತರಿಸುವ ಡೈ ಕಟಿಂಗ್ ಮೆಷಿನ್ ಇರುತ್ತದೆ. ನಾನೂ ಮೊದಲು ಅದನ್ನೇ ತಗೊಳ್ಳಲಾ, ಇಲ್ಲ ಬೇರೆ ಯಾವುದರಿಂದಾದರೂ ಶುರು ಮಾಡಲಾ?

ಮಣಿಯಿಂದ ಶುರು ಮಾಡಿ. ಮೆಷಿನ್ ಕೊನೆಗಿರಲಿ. ಎಷ್ಟೋ ಜನರಿಗೆ ಅದು ಬೇಕಾಗುವುದೇ ಇಲ್ಲ.

ಮಣಿಗೆ ಮೊದಲ ಜಾಗ ಕೊಡೋದಕ್ಕೆ ಕಾರಣವಿದೆ. ಪೋಣಿಸಿದ್ದು ತಪ್ಪಾದರೆ ನೂಲು ಎಳೆದು ಬಿಚ್ಚಬಹುದು. ಮಣಿ ಮತ್ತೆ ಡಬ್ಬಿಗೆ ಹೋಗುತ್ತದೆ, ಏನೂ ಹಾಳಾಗುವುದಿಲ್ಲ. ಕಾಗದಕ್ಕೆ ಒಮ್ಮೆ ಕತ್ತರಿ ಬಿದ್ದರೆ ಮುಗಿಯಿತು. ಕೈ ಇನ್ನೂ ಪಳಗದೇ ಇರುವಾಗ ಈ ಬಿಚ್ಚಿ ಕಟ್ಟುವ ಅನುಕೂಲ ತುಂಬಾ ದೊಡ್ಡದು.

ಅಂಗಡಿಯಲ್ಲಿ ಗಾಜಿನ ಸಣ್ಣ ಮಣಿಗಳನ್ನು ನಂಬರ್ ಮೇಲೆ ಕೊಡುತ್ತಾರೆ. ನಂಬರ್ ಹೆಚ್ಚಾದಷ್ಟೂ ಮಣಿ ಚಿಕ್ಕದು. 11ನೇ ನಂಬರಿನ ಮಣಿ ಸುಮಾರು 2 ಮಿ.ಮೀ., 8ನೇ ನಂಬರಿನದು ಸುಮಾರು 3 ಮಿ.ಮೀ. ಹೊಸಬರು 8ನೇ ನಂಬರ್ ಕೇಳಿ, ಕಣ್ಣಿಗೆ ಆಯಾಸ ಕಡಿಮೆ. ಜಪಾನಿನ ಮಿಯುಕಿ, ತೊಹೊ ಮಣಿಗಳು ಒಂದೇ ಅಳತೆಗೆ ಇರುತ್ತವೆ, ಆದರೆ ಬೆಲೆ ಜಾಸ್ತಿ. ಕಡಿಮೆ ಬೆಲೆಯ ಮಣಿಗಳಲ್ಲಿ ಒಂದು ದಪ್ಪ, ಒಂದು ತೆಳು ಬರುತ್ತದೆ. ಕಲಿಯೋದಕ್ಕೆ ಅವೇ ಸಾಕು. ತೀರಾ ಸೊಟ್ಟಗಿರುವುದನ್ನು ಆರಿಸಿ ಪಕ್ಕಕ್ಕಿಡಿ, ಅಷ್ಟೆ.

ಸೂಜಿ ಮಾತ್ರ ಮಣಿಗೆಂದೇ ಬರುವ ಉದ್ದನೆಯ ತೆಳು ಸೂಜಿಯಾಗಿರಲಿ. ಬಟ್ಟೆ ಹೊಲಿಯುವ ಸೂಜಿಯ ಕಣ್ಣಿನ ಹತ್ತಿರದ ಭಾಗ ಮಣಿಯ ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದೇ ಮಣಿಯೊಳಗೆ ಎರಡು ಮೂರು ಸಲ ನೂಲು ಹಾಯಬೇಕಾಗುತ್ತದೆ. ಬಲವಂತ ಮಾಡಿದರೆ ಗಾಜು ಚಟ್ ಎಂದು ಒಡೆಯುತ್ತದೆ. ಮಣಿಯನ್ನು ಸ್ಟೀಲ್ ತಟ್ಟೆಗೆ ಸುರಿಯಬೇಡಿ, ಉರುಳಿ ಹೋಗುತ್ತವೆ. ಹಳೆಯ ಟವೆಲ್ ತುಂಡಿನ ಮೇಲೆ ಹರಡಿ, ಸೂಜಿಯ ತುದಿಯಿಂದಲೇ ಎತ್ತಿಕೊಳ್ಳಿ. ಪುಟ್ಟ ಮಕ್ಕಳಿರುವ ಮನೆಯಾದರೆ ಕೆಲಸ ಮುಗಿದ ತಕ್ಷಣ ಎಲ್ಲವನ್ನೂ ಡಬ್ಬಿಗೆ ಹಾಕಿ ಮೇಲಿಡಿ.

ಮೊದಲಿಗೆ ಒಂದು ಹೂ ಮಾಡಿ. ಆರು ಬಿಳಿ ಮಣಿ ಪೋಣಿಸಿ. ಸೂಜಿಯನ್ನು ಮೊದಲನೇ ಮಣಿಯೊಳಗೆ ಮತ್ತೆ ತೂರಿಸಿ ಎಳೆದರೆ ಅದು ಬಳೆಯ ಹಾಗೆ ದುಂಡಗಾಗುತ್ತದೆ. ಈಗ ಒಂದು ಹಳದಿ ಮಣಿ ತಗೊಂಡು, ಎದುರಿಗಿರುವ ನಾಲ್ಕನೇ ಮಣಿಯಿಂದ ಸೂಜಿ ಹೊರಗೆ ತನ್ನಿ. ನೂಲು ಬಿಗಿ ಮಾಡಿದಾಗ ಹಳದಿ ಮಣಿ ನಡುವೆ ಬಂದು ಕೂರುತ್ತದೆ. ಇದನ್ನೇ ಸಾಲಾಗಿ ಮಾಡುತ್ತಾ ಹೋದರೆ ಮಕ್ಕಳ ಕೈಗೆ ಒಂದು ಸರ. ಈ ಒಂದು ಹೂವಿನಲ್ಲಿ ನೂಲಿನ ಬಿಗಿ ಎಷ್ಟಿರಬೇಕು ಅನ್ನೋದು ಬೆರಳಿಗೆ ತಿಳಿದುಬಿಡುತ್ತದೆ. ಮುಂದೆ ಸೀರೆಯ ಸೆರಗಿಗೆ ಕುಚ್ಚು ಹಾಕುವಾಗ ಕೆಲಸಕ್ಕೆ ಬರುವುದು ಅದೇ ಬಿಗಿ. ಕುಚ್ಚಿಗೆ ಮಣಿ ಕೊಳ್ಳುವಾಗ ಕುಚ್ಚು ಹೆಣೆಯುವ ನಿಮ್ಮ ಕ್ರೋಶಾ ಕಡ್ಡಿಯನ್ನೂ ಅಂಗಡಿಗೆ ಒಯ್ಯಿರಿ. ಕಡ್ಡಿಯ ಕೊಕ್ಕೆ ತೂತಿನಲ್ಲಿ ಹೋಗದಿದ್ದರೆ ಎಷ್ಟು ಚೆಂದದ ಮಣಿಯಾದರೂ ಉಪಯೋಗವಿಲ್ಲ.

ಇನ್ನು ಕಾಗದ. ಇದಕ್ಕೂ ಮೊದಲು ಕತ್ತರಿ, ಕಟರ್ ಸಾಕು. ಮಂಗಳೂರು, ಉಡುಪಿ ಕಡೆ ದೀಪಾವಳಿಗೆ ಕಟ್ಟುವ ಗೂಡುದೀಪ ನೋಡಿದ್ದೀರಲ್ವಾ? ಬಿದಿರಿನ ಕಡ್ಡಿಯ ಚೌಕಟ್ಟು, ಅದರ ಮೇಲೆ ಬಣ್ಣದ ಹಾಳೆ, ಹಾಳೆಯ ಮೇಲೆ ಕತ್ತರಿಸಿದ ಚಿತ್ತಾರ. ಹಾಳೆಯನ್ನು ಮೂರು ಸಲ ಮಡಿಚಿದರೆ ಎಂಟು ಪದರ. ಒಮ್ಮೆ ಕತ್ತರಿ ಆಡಿಸಿದರೆ ಎಂಟು ಕಡೆ ಅದೇ ಎಲೆ, ಅದೇ ಹೂ ಬರುತ್ತದೆ. ಮಥುರಾ, ವೃಂದಾವನದ ಸಾಂಝಿ ಕಲೆಯಲ್ಲಂತೂ ಕೃಷ್ಣ, ಹಸು, ಕದಂಬದ ಮರ ಎಲ್ಲವನ್ನೂ ಸಣ್ಣ ಕತ್ತರಿಯಲ್ಲೇ ಕಾಗದದಲ್ಲಿ ಬಿಡಿಸುತ್ತಾರೆ. ದೇವಸ್ಥಾನದಲ್ಲಿ ಆ ಕಾಗದವನ್ನು ನೆಲದ ಮೇಲಿಟ್ಟು, ಮೇಲಿನಿಂದ ಬಣ್ಣದ ಪುಡಿ ಉದುರಿಸಿ ರಂಗೋಲಿ ತೆಗೆಯುವ ಪದ್ಧತಿ. ಅಷ್ಟು ನಾಜೂಕಿನ ಕೆಲಸ ಬರೀ ಕೈಯಲ್ಲಿ ಆಗುತ್ತದೆ.

ಕಟರ್ ಹಿಡಿದಾಗ ಒಳಗಿನ ಸಣ್ಣ ತೂತುಗಳನ್ನು ಮೊದಲು ತೆಗೆಯಿರಿ, ಹೊರಗಿನ ಅಂಚು ಕೊನೆಗೆ. ಅಂಚು ಮೊದಲು ಹೋದರೆ ಹಾಳೆಗೆ ಬಲ ಇರುವುದಿಲ್ಲ, ಹರಿಯುತ್ತದೆ. ತಿರುವು ಬಂದಾಗ ಕೈ ತಿರುಗಿಸಬೇಡಿ, ಹಾಳೆಯನ್ನೇ ತಿರುಗಿಸಿ. ಅಂಚು ಜುಂಗು ಜುಂಗಾಗಿ ಬಂದರೆ ಬ್ಲೇಡ್ ಮೊಂಡಾಗಿದೆ ಎಂದರ್ಥ, ಬದಲಿಸಿ.

ಈಗ ನಿಮ್ಮ ಮೆಷಿನ್ ವಿಷಯ. ಡೈ ಅಂದರೆ ಚೂಪು ಅಂಚಿರುವ ಲೋಹದ ಅಚ್ಚು. ಲಟ್ಟಿಸಿದ ಹಿಟ್ಟಿನ ಮೇಲೆ ಡಬ್ಬಿಯ ಮುಚ್ಚಳ ಒತ್ತಿ ದುಂಡನೆ ಪೂರಿ ತೆಗೆಯುತ್ತೇವಲ್ಲ, ಅದೇ ಕೆಲಸ. ಸಿಜಿಕ್ಸ್ ಬಿಗ್ ಶಾಟ್‌ನಂಥ ಕೈಯಂತ್ರದಲ್ಲಿ ಒಂದು ಪ್ಲೇಟ್, ಅದರ ಮೇಲೆ ಕಾಗದ, ಚೂಪು ಭಾಗ ಕಾಗದಕ್ಕೆ ತಾಗುವಂತೆ ಡೈ, ಮೇಲೊಂದು ಪ್ಲೇಟ್ ಇಟ್ಟು ಹಿಡಿ ತಿರುಗಿಸುತ್ತಾರೆ. ಎರಡು ರೋಲರ್‌ಗಳ ನಡುವೆ ಒತ್ತಡ ಬಿದ್ದು ಆಕಾರ ಕತ್ತರಿಸಿ ಬರುತ್ತದೆ. ಪ್ಲೇಟನ್ನು ಆಗಾಗ ಮಗುಚಿ ಹಾಕಬೇಕು, ಇಲ್ಲದಿದ್ದರೆ ಬಾಗುತ್ತದೆ. ನಾಜೂಕು ಡೈಯಲ್ಲಿ ಕಾಗದ ಸಿಕ್ಕಿಕೊಂಡರೆ ನಡುವೆ ಮೇಣದ ಕಾಗದ ಇಟ್ಟು ನೋಡಿ. ಕ್ರಿಕಟ್, ಸಿಲೂಯೆಟ್ ಎಂಬ ಮೆಷಿನ್‌ಗಳು ಬೇರೆ ಜಾತಿ. ಅವುಗಳಿಗೆ ಡೈ ಬೇಕಿಲ್ಲ. ಕಂಪ್ಯೂಟರಿನಲ್ಲಿ ಅಥವಾ ಫೋನಿನಲ್ಲಿ ಇರುವ ಚಿತ್ರದ ಗೆರೆಯ ಮೇಲೆ ಸಣ್ಣ ಬ್ಲೇಡ್ ಓಡುತ್ತದೆ.

ಖರ್ಚು ಮೆಷಿನ್ನಿಗೇ ನಿಲ್ಲುವುದಿಲ್ಲ. ಕೈಯಂತ್ರದಲ್ಲಿ ಪ್ರತಿ ಹೊಸ ಆಕಾರಕ್ಕೂ ಹೊಸ ಡೈ ಕೊಳ್ಳಬೇಕು. ಆದ್ದರಿಂದ ಒಂದೇ ಆಕಾರ ನಿಮಗೆ ಮತ್ತೆ ಮತ್ತೆ, ನೂರಾರು ಸಲ ಬೇಕಾಗುತ್ತದಾ ಎಂದು ನೋಡಿಕೊಳ್ಳಿ. ಶುಭಾಶಯ ಪತ್ರ ಮಾಡಿ ಮಾರುವವರಿಗೆ ಬೇಕಾಗುತ್ತದೆ. ಹಬ್ಬಕ್ಕೊಮ್ಮೆ ತೋರಣ ಮಾಡುವವರಿಗೆ ಮಡಿಕೆ ಮತ್ತು ಕತ್ತರಿಯೇ ಸಾಕು.

ಮನೆಯಲ್ಲಿ ಮದುವೆ ಇದ್ದು, ಇನ್ನೂರು ಉಡುಗೊರೆ ಪೊಟ್ಟಣಕ್ಕೆ ಮಾವಿನೆಲೆ ಆಕಾರದ ಚೀಟಿ ಬೇಕು ಅಂತಿಟ್ಟುಕೊಳ್ಳಿ. ಆಗಲೂ ಮೆಷಿನ್ ಕೊಳ್ಳುವುದಕ್ಕಿಂತ ಮದುವೆ ಕಾರ್ಡ್ ಮಾಡುವ ಪ್ರಿಂಟಿಂಗ್ ಪ್ರೆಸ್‌ಗೆ ಹೋಗಿ ಕೇಳುವುದು ಒಳ್ಳೆಯದು. ಪ್ಲೈವುಡ್ ಹಲಗೆಯಲ್ಲಿ ಉಕ್ಕಿನ ಪಟ್ಟಿಯನ್ನು ಬಗ್ಗಿಸಿ ಕೂರಿಸಿ ಡೈ ಮಾಡಿಸುತ್ತಾರೆ. ಸ್ವೀಟ್ ಬಾಕ್ಸ್ ಕತ್ತರಿಸುವುದೂ ಇಂಥ ಡೈಯಲ್ಲೇ. ಬೆಂಗಳೂರಿನವರಾದರೆ ಸುಲ್ತಾನ್‌ಪೇಟೆಯ ಕಾರ್ಡ್ ಅಂಗಡಿಗಳಲ್ಲಿ ವಿಚಾರಿಸಿ. ಹೋಗುವಾಗ ಚೀಟಿಯ ನಿಜವಾದ ಅಳತೆಯಲ್ಲಿ ಚಿತ್ರ ಬರೆದುಕೊಂಡು ಹೋಗಿ, ಕಾಗದ ಎಷ್ಟು ದಪ್ಪ ಬೇಕು ಎಂದೂ ಹೇಳಿ. ಅದನ್ನು ಜಿಎಸ್ಎಂನಲ್ಲಿ, ಅಂದರೆ ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಜೆರಾಕ್ಸ್ ಹಾಳೆ 70 ರಿಂದ 80 ಜಿಎಸ್ಎಂ ಇರುತ್ತದೆ, ಚೀಟಿಗೆ ಅದು ತೆಳುವಾಯಿತು. 250ರ ಆಸುಪಾಸಿನ ಹಾಳೆ ಕೇಳಿ. ಡೈ ಮಾಡಿಸಿದ ದುಡ್ಡು ನಿಮ್ಮದಾದರೆ, ಕೆಲಸ ಮುಗಿದ ಮೇಲೆ ಅದನ್ನು ಕೇಳಿ ಮನೆಗೆ ತಂದಿಟ್ಟುಕೊಳ್ಳಿ. ಮುಂದಿನ ಸಲ ಕತ್ತರಿಸುವ ಕೂಲಿ, ಕಾಗದದ ಖರ್ಚು ಇಷ್ಟೇ ಆಗುತ್ತದೆ.