ಪದ ಪರಿಚಯ: ಪೋಷಣೆಯ ಷರತ್ತಿನ ದಾನಪತ್ರ

ಮರ ಹತ್ತಿಸುವುದು, ಮದ್ದು ಹೊಡೆಸುವುದು ಕೈಲಾಗದ ವಯಸ್ಸಿಗೆ ಅಡಿಕೆ ತೋಟವನ್ನು ಮಗನಿಗೋ ಮಗಳಿಗೋ ಬರೆದುಕೊಡುವುದು ತೀರ್ಥಹಳ್ಳಿ, ಸಾಗರದ ಕಡೆ ಮಾಮೂಲು. ವಿಲ್ ಆದರೆ ಬರೆದವರು ಇರುವ ತನಕ ಬದಲಿಸಬಹುದು. ದಾನಪತ್ರ, ಅಂದರೆ ದುಡ್ಡು ಪಡೆಯದೆ ಬದುಕಿರುವಾಗಲೇ ಆಸ್ತಿ ಬರೆದುಕೊಡುವ ಪತ್ರ, ಹಾಗಲ್ಲ; ಇಬ್ಬರು ಸಾಕ್ಷಿಗಳೊಂದಿಗೆ ನೋಂದಣಿಯಾಗಿ, ಪಡೆದವರು ಒಪ್ಪಿಕೊಂಡರೆ ಮುಗಿಯಿತು. ಪಹಣಿ, ಸೊಸೈಟಿಯ ಬೆಳೆಸಾಲ, ಮಂಡಿಯ ಅಡಿಕೆ ದುಡ್ಡು ಎಲ್ಲ ಮಗನ ಹೆಸರಿಗೆ ಹೋಗುತ್ತವೆ. ಅಮ್ಮನ ಮಾತ್ರೆಗೂ ಅವನನ್ನೇ ಕೇಳಬೇಕು.

ಇದಕ್ಕೆ ಬೇಲಿ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ. ನೋಡಿಕೊಳ್ಳಬೇಕೆಂಬ ಷರತ್ತಿನ (ಇದೇ ಪೋಷಣೆಯ ಷರತ್ತು) ಮೇಲೆ 60 ತುಂಬಿದವರು ಆಸ್ತಿ ಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ, ಆ ಪತ್ರ ಮೋಸ ಅಥವಾ ಒತ್ತಡದಿಂದ ಆದದ್ದೆಂದು ಎಣಿಸಿ ನ್ಯಾಯಮಂಡಳಿ ರದ್ದು ಮಾಡಬಹುದು.

ಎಡವಟ್ಟಾಗುವುದು ಷರತ್ತಿನಲ್ಲೇ. ಪತ್ರ ಬರಹಗಾರರ ಹಳೇ ನಮೂನೆಯಲ್ಲಿ 'ಪ್ರೀತಿ ವಿಶ್ವಾಸದಿಂದ, ಯಾರ ಒತ್ತಾಯವೂ ಇಲ್ಲದೆ' ಎಂದಿರುತ್ತದೆ. ಪೋಷಣೆಯ ಸುದ್ದಿಯೇ ಇರುವುದಿಲ್ಲ. ಷರತ್ತು ಇತ್ತೆಂದು ತೋರಿಸದಿದ್ದರೆ 23ನೇ ಕಲಂ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರ ಜನವರಿಯ ತೀರ್ಪು ತುಸು ಉದಾರ: ದಾನಪತ್ರದ ದಿನವೇ ಮಗ ಬರೆದುಕೊಟ್ಟಿದ್ದ ಬೇರೆ ಕಾಗದವನ್ನೂ ಗಮನಿಸಿ ತಾಯಿಗೆ ಆಸ್ತಿ ಮರಳಿಸಿತು. ಹಾಗೆಂದು ಎರಡನೇ ಕಾಗದವನ್ನು ನಂಬಿ ಕೂರುವುದು ಬೇಡ, ದಾನಪತ್ರದೊಳಗೇ ಬರೆಸಿ.

'ಚೆನ್ನಾಗಿ ನೋಡಿಕೊಳ್ಳತಕ್ಕದ್ದು' ಎಂದಷ್ಟೇ ಬರೆದರೆ ವಾದಕ್ಕೆ ದಾರಿ. 'ದಾನಿಗಳಿಬ್ಬರಿಗೂ ಕೊನೆತನಕ ಇದೇ ಮನೆಯಲ್ಲಿ ವಾಸ, ಊಟ, ಔಷಧೋಪಚಾರ, ತಿಂಗಳಿಗೆ ಇಷ್ಟು ರೂಪಾಯಿ ಬ್ಯಾಂಕ್ ಖಾತೆಗೆ. ತಪ್ಪಿದಲ್ಲಿ 23ನೇ ಕಲಂನಂತೆ ಪತ್ರ ರದ್ದಿಗೆ ಅರ್ಹ' ಎಂದಿರಲಿ. ತೋಟದ ಅನುಭೋಗದ ಹಕ್ಕನ್ನು ಜೀವಿತಾವಧಿಗೆ ಉಳಿಸಿಕೊಂಡರೆ ಇನ್ನೂ ಗಟ್ಟಿ. ಫಸಲಿನ ದುಡ್ಡು ಹಿರಿಯರಿಗೇ ಬರುತ್ತದೆ. ಅತಿ ಜಾಣತನವೂ ಕೆಡುಕು. 'ನಮಗೆ ಮನಸ್ಸು ಬಂದಾಗ ವಾಪಸ್ ಪಡೆಯುತ್ತೇವೆ' ಎಂಬ ದಾನ ಆಸ್ತಿ ವರ್ಗಾವಣೆ ಕಾಯ್ದೆಯ 126ನೇ ಕಲಂನಂತೆ ಅಸಿಂಧು. 'ಎಂದಿಗೂ ಮಾರಕೂಡದು' ಎಂಬ ಷರತ್ತೂ 10ನೇ ಕಲಂನಡಿ ನಿಲ್ಲುವುದಿಲ್ಲ.

ಪಿತ್ರಾರ್ಜಿತವಾದರೆ ಮೊದಲು ವಿಭಾಗ ಪತ್ರ ಆಗಲಿ. ಹೆಣ್ಣುಮಕ್ಕಳ ಪಾಲನ್ನು ಅಪ್ಪ ಒಬ್ಬರೇ ದಾನ ಮಾಡಲು ಬಾರದು. ಸೊಪ್ಪಿನಬೆಟ್ಟವನ್ನು (ತೋಟಕ್ಕೆ ಸೊಪ್ಪು ತರುವ ಕಾಡು) ಪತ್ರಕ್ಕೆ ಸೇರಿಸುವ ಆಸೆ ಬೇಡ, ಅದು ಸರ್ಕಾರದ್ದು.

ನ್ಯಾಯಮಂಡಳಿ ಎಂದರೆ ಉಪವಿಭಾಗಾಧಿಕಾರಿ (ಎ.ಸಿ.). ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿಯವರಿಗೆ ಶಿವಮೊಗ್ಗದ ಎ.ಸಿ. ಕಚೇರಿ, ಸಾಗರ, ಸೊರಬ, ಹೊಸನಗರ, ಶಿಕಾರಿಪುರದವರಿಗೆ ಸಾಗರದ್ದು. ಅರ್ಜಿಗೆ ದಾನಪತ್ರದ ನಕಲು, ವಯಸ್ಸಿನ ದಾಖಲೆ, ಹಣ ಬರುವುದು ನಿಂತದ್ದನ್ನು ತೋರಿಸುವ ಪಾಸ್‌ಬುಕ್ ಪ್ರತಿ ಲಗತ್ತಿಸಿ. ಆದೇಶ ವಿರುದ್ಧವಾದರೆ ಜಿಲ್ಲಾಧಿಕಾರಿಗೆ ಮೇಲ್ಮನವಿ, 60 ದಿನದೊಳಗೆ. ಅಷ್ಟರಲ್ಲಿ ಮಗ ತೋಟವನ್ನು ಬೇರೆಯವರಿಗೆ ಮಾರಿಬಿಟ್ಟರೆ ಕೇಸು ಗೋಜಲಾಗುತ್ತದೆ. ಆದ್ದರಿಂದ ಮೊದಲ ಕಂತು ತಪ್ಪಿದಾಗಲೇ ಅರ್ಜಿ ಕೊಡುವುದು ಲೇಸು.