ನಿಂತ ಗಾಡಿಗೆ ಗಾಳಿ: ಹಳೇ ಪಿಕಪ್, ಹೊಸ ಎಂಜಿನ್, ಎಲೆಕ್ಟ್ರಿಕ್ ಫ್ಯಾನ್

ಅಮೆರಿಕದಲ್ಲಿ ಮನೆಯ ಗ್ಯಾರೇಜಿನಲ್ಲೇ ಗಾಡಿಯ ಎಂಜಿನ್ ಬದಲಿಸುವವರು ಬಹಳ ಮಂದಿ ಇದ್ದಾರೆ. ಅವರಿಗೆ ಅಚ್ಚುಮೆಚ್ಚಾದ ಗಾಡಿಗಳಲ್ಲಿ ಒಂದು, 1973ರಿಂದ 1987ರವರೆಗೆ ಬಂದ ಚೌಕ ಮೈಕಟ್ಟಿನ ಶೆವರ್ಲೆ ಪಿಕಪ್. ಚಾಸಿ ಗಟ್ಟಿಮುಟ್ಟು, ಬಾನೆಟ್ ಕೆಳಗೆ ಧಾರಾಳ ಜಾಗ. ಎಂಜಿನ್ ಮಾತ್ರ ಕಾರ್ಬ್ಯುರೇಟರ್ ಕಾಲದ್ದು. ಅದನ್ನು ಇಳಿಸಿ, 1999ರ ನಂತರದ ಪಿಕಪ್‌ಗಳಲ್ಲಿ ಬಂದ 5.3 ಲೀಟರ್‌ನ, ಎಂಟು ಸಿಲಿಂಡರಿನ ವಿ8 ಎಂಜಿನ್ ಕೂರಿಸುತ್ತಾರೆ. ಈ ಎಂಜಿನ್ ಎಷ್ಟೊಂದು ತಯಾರಾಗಿದೆ ಅಂದರೆ, ಗುಜರಿಯಲ್ಲೂ ಸುಲಭವಾಗಿ ಸಿಗುತ್ತದೆ. ಬಿಡಿಭಾಗಕ್ಕೆ ಅಲೆಯಬೇಕಿಲ್ಲ.

ಎಂಜಿನ್ ಕೂತ ಮೇಲೆ ಫ್ಯಾನಿನ ತಲೆನೋವು ಶುರು. ಹಳೇ ಎಂಜಿನ್ನಿನ ಫ್ಯಾನ್ ವಾಟರ್ ಪಂಪಿನ ಮೂತಿಗೇ ಬಿಗಿದಿತ್ತು, ಬೆಲ್ಟ್ ತಿರುಗಿಸುತ್ತಿತ್ತು. ಹೊಸ ಎಂಜಿನ್ನಿನ ಪಂಪ್ ಅದೇ ಎತ್ತರದಲ್ಲಿ, ಅದೇ ದೂರದಲ್ಲಿ ಇರುವುದಿಲ್ಲ. ಫ್ಯಾನ್, ಎಂಜಿನ್ನಿನ ಬಿಸಿನೀರನ್ನು ತಣಿಸುವ ರೇಡಿಯೇಟರಿನ ನಡುವಿಗೆ ಬರದೆ ಪಕ್ಕಕ್ಕೋ ಕೆಳಕ್ಕೋ ಹೋಗುತ್ತದೆ. ಅದೇ ವಿನ್ಯಾಸದ ಕುಟುಂಬಕ್ಕೆ ಸೇರಿದ, ಕಾರುಗಳಲ್ಲಿ ಬಂದ ಎಂಜಿನ್ ತಂದಿದ್ದರಂತೂ ಪಂಪಿನಲ್ಲಿ ಫ್ಯಾನ್ ಬಿಗಿಯುವ ಜಾಗವೇ ಇರುವುದಿಲ್ಲ. ಹಾಗಾಗಿ ಹೆಚ್ಚಿನವರು ರೇಡಿಯೇಟರಿನ ಹಿಂಬದಿಗೆ ಒಂದೋ ಎರಡೋ ಎಲೆಕ್ಟ್ರಿಕ್ ಫ್ಯಾನ್ ಹಾಕುತ್ತಾರೆ. ನಮ್ಮಲ್ಲೂ ಈ ಎರಡು ಕಾಲ ಕಂಡವರಿದ್ದಾರೆ. ಅಂಬಾಸಿಡರ್‌ನಲ್ಲಿ ಬೆಲ್ಟ್ ತಿರುಗಿಸುವ ಫ್ಯಾನ್, ಅಡ್ಡಡ್ಡ ಕೂತ ಎಂಜಿನ್ನಿನ ಮಾರುತಿ 800ರಲ್ಲಿ ಕರೆಂಟಿನ ಫ್ಯಾನ್.

ಇದು ಬರೀ ಜಾಗದ ಪ್ರಶ್ನೆಯಾಗಿದ್ದರೆ ನಾಲ್ಕು ಬೋಲ್ಟು ಬಿಗಿದು ಮುಗಿಸಬಹುದಿತ್ತು. ಆದರೆ ಫ್ಯಾನ್ ತಂದು ಸುಮ್ನೆ ಕಟ್ಟಿದ ಎಷ್ಟೋ ಗಾಡಿಗಳು ಮೊದಲ ಬೇಸಿಗೆಯಲ್ಲೇ ಬಿಸಿಯಾಗಿ ರಸ್ತೆ ಬದಿಗೆ ನಿಲ್ಲುತ್ತವೆ. ಹೆಚ್ಚಿನ ಸಲ ಫ್ಯಾನ್ ಕೆಟ್ಟದಾಗಿರುವುದಿಲ್ಲ. ಅದಕ್ಕೆ ಗಾಳಿ ಬರುವ ದಾರಿ, ಇಲ್ಲವೇ ಕರೆಂಟ್ ಬರುವ ದಾರಿ ಸರಿ ಇರುವುದಿಲ್ಲ. ಈ ಎರಡು ದಾರಿಗಳೇ ಮುಖ್ಯ. ಪೆಟ್ಟಿಗೆಯ ಮೇಲೆ ಬರೆದ ಗಾಳಿಯ ಅಂಕಿ ಆಮೇಲಿನ ಮಾತು.

ಮೊದಲು ಬಿಸಿಯ ಲೆಕ್ಕ ನೋಡೋಣ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 32 ಮೆಗಾಜೂಲ್ ಶಕ್ತಿ ಬರುತ್ತದೆ. ಸ್ಥೂಲವಾಗಿ ಹೇಳಿದರೆ ಅದರಲ್ಲಿ ಮೂರನೇ ಒಂದು ಪಾಲಿನಷ್ಟು ಮಾತ್ರ ಚಕ್ರ ತಿರುಗಿಸುವ ಕೆಲಸಕ್ಕೆ ಹೋಗುತ್ತದೆ. ಇನ್ನೊಂದು ಪಾಲು ಸೈಲೆನ್ಸರಿನಿಂದ ಹೊರಗೆ. ಉಳಿದದ್ದರಲ್ಲಿ ಬಹುಪಾಲನ್ನು ಎಂಜಿನ್ ತಣಿಸುವ ದ್ರವ, ಅಂದರೆ ಕೂಲೆಂಟ್, ಹೊತ್ತುಕೊಂಡು ರೇಡಿಯೇಟರಿಗೆ ತರುತ್ತದೆ. ಇಂಥ ವಿ8 ಎಂಜಿನ್ ನಿಂತಲ್ಲೇ ಓಡುತ್ತಾ ಗಂಟೆಗೆ ಎರಡು ಲೀಟರ್ ಕುಡಿಯುತ್ತದೆ ಅಂದುಕೊಳ್ಳಿ. ಆಗ ರೇಡಿಯೇಟರ್ ಹೊರಹಾಕಬೇಕಾದದ್ದು 6 ಕಿಲೋವ್ಯಾಟ್ ಆಸುಪಾಸು. ನೀರು ಕಾಯಿಸುವ ಮೂರು ಗೀಸರ್‌ಗಳಷ್ಟು. ಇದು ದೊಡ್ಡದೇನಲ್ಲ. ಗಾಳಿ ರೇಡಿಯೇಟರ್ ದಾಟುವಾಗ 35 ಡಿಗ್ರಿ ಬಿಸಿಯಾದರೆ, ಸೆಕೆಂಡಿಗೆ 150 ಲೀಟರಿನಷ್ಟು ಗಾಳಿ ಸಾಕು.

ಹೈವೇಯಲ್ಲಿ ಗಂಟೆಗೆ 100 ಕಿಲೋಮೀಟರ್ ಓಡುವಾಗ ಬಿಸಿ ಇದರ ಐದಾರು ಪಟ್ಟು ಆಗಬಹುದು. ಆದರೆ ಅಲ್ಲಿ ಗಾಡಿಯ ವೇಗವೇ ಗಾಳಿಯನ್ನು ನೂಕುತ್ತದೆ, ಫ್ಯಾನ್ ಬೇಕಾಗುವುದೇ ಇಲ್ಲ. ನಿಜವಾದ ಪರೀಕ್ಷೆ ಇವೆರಡರ ನಡುವೆ ಇದೆ. ಹಿಂದೆ ಟ್ರೈಲರ್ ಕಟ್ಟಿಕೊಂಡು, ಏರು ರಸ್ತೆಯಲ್ಲಿ, ಇಪ್ಪತ್ತರ ವೇಗದಲ್ಲಿ ಹತ್ತುವ ಗಾಡಿ ಗಂಟೆಗೆ 15 ಲೀಟರ್ ಉರಿಸಿದರೆ, ರೇಡಿಯೇಟರಿಗೆ 40 ಕಿಲೋವ್ಯಾಟಿಗಿಂತ ಜಾಸ್ತಿ ಬಿಸಿ ಬರುತ್ತದೆ. ಎದುರುಗಾಳಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆಗ ಸೆಕೆಂಡಿಗೆ ಒಂದು ಘನ ಮೀಟರಿಗೂ ಜಾಸ್ತಿ ಗಾಳಿ ಎಳೆಯಬೇಕು. ಎ.ಸಿ. ಹಾಕಿದ್ದರೆ ಅದರ ಬಿಸಿ ಹೊರಹಾಕುವ ಕಂಡೆನ್ಸರ್ ರೇಡಿಯೇಟರಿನ ಮುಂದೆಯೇ ಕೂತು, ಬರುವ ಗಾಳಿಯನ್ನು ಮೊದಲೇ ಬಿಸಿ ಮಾಡಿರುತ್ತದೆ. ಅರಿಜೋನಾದ 45 ಡಿಗ್ರಿ ಬಿಸಿಲಿನಲ್ಲಿ ಇದನ್ನೆಲ್ಲ ಕೂಡಿಸಿ ನೋಡಿ. ಫ್ಯಾನ್ ಆರಿಸಬೇಕಾದದ್ದು ಈ ಹೊತ್ತಿಗಾಗಿ.

ಬೆಲ್ಟಿನ ಫ್ಯಾನಿಗೆ ಇಲ್ಲೊಂದು ಹುಟ್ಟುಗುಣದ ತೊಂದರೆ ಇದೆ. ಅದರ ವೇಗ ಎಂಜಿನ್ ವೇಗಕ್ಕೆ ಅಂಟಿಕೊಂಡಿದೆ. ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ನಿಮಿಷಕ್ಕೆ 600 ಸುತ್ತು, ಫ್ಯಾನೂ ನಿಧಾನ. ಎಂಜಿನ್ 3000 ಸುತ್ತು ತಿರುಗಿದರೆ ಫ್ಯಾನ್ ಐದು ಪಟ್ಟು ಜೋರು. ಫ್ಯಾನ್ ಎಳೆಯುವ ಗಾಳಿ ವೇಗದಷ್ಟೇ ಏರುತ್ತದೆ, ಆದರೆ ಅದಕ್ಕೆ ಬೇಕಾದ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ವೇಗ ಐದು ಪಟ್ಟಾದರೆ ಶಕ್ತಿ 125 ಪಟ್ಟು. ಅಂದರೆ ಬೇಕಾದಾಗ ಗಾಳಿ ಕಡಿಮೆ, ಬೇಡವಾದಾಗ ಎಂಜಿನ್ನಿಗೆ ಹೊರೆ. ಇದನ್ನು ತಗ್ಗಿಸಲೆಂದೇ ಫ್ಯಾನ್ ಕ್ಲಚ್ ಬಂತು. ಅದರೊಳಗೆ ದಪ್ಪ ಸಿಲಿಕೋನ್ ಎಣ್ಣೆ, ಮುಂದೆ ಎರಡು ಲೋಹ ಬೆಸೆದ ಸುರುಳಿ. ರೇಡಿಯೇಟರಿನಿಂದ ಬರುವ ಗಾಳಿ ಬಿಸಿಯಾದರೆ ಸುರುಳಿ ತಿರುಚಿಕೊಂಡು ಎಣ್ಣೆಯ ದಾರಿ ತೆರೆಯುತ್ತದೆ, ಫ್ಯಾನ್ ಬಿಗಿಯಾಗಿ ಹಿಡಿಯುತ್ತದೆ. ತಣ್ಣಗಿದ್ದರೆ ಫ್ಯಾನ್ ಜಾರುತ್ತಾ ಹಗುರವಾಗಿ ತಿರುಗುತ್ತದೆ. ಸೆನ್ಸರ್ ಇಲ್ಲ, ವೈರ್ ಇಲ್ಲ. ನನಗಂತೂ ಇದು ಬಹಳ ಸೊಗಸಾದ ಸಾಧನ ಅನ್ನಿಸುತ್ತದೆ. ಭಾರೀ ಲಾರಿಗಳಲ್ಲಿ ಎಂಜಿನ್ನೇ ತಿರುಗಿಸುವ ಫ್ಯಾನ್ ಉಳಿದಿರುವುದಕ್ಕೂ ಕಾರಣವಿದೆ. ಅಲ್ಲಿನ ಫ್ಯಾನ್ ಪೂರ್ತಿ ಹಿಡಿದಾಗ 20 ಕಿಲೋವ್ಯಾಟಿಗೂ ಜಾಸ್ತಿ ನುಂಗಬಹುದು. 12 ವೋಲ್ಟಿನಲ್ಲಿ ಅಷ್ಟು ಕೊಡಬೇಕಾದರೆ 1600 ಆಂಪಿಯರಿಗೂ ಹೆಚ್ಚು ಕರೆಂಟ್ ಬೇಕು! ಪಿಕಪ್‌ನಲ್ಲೂ ಸದಾ ಭಾರ ಎಳೆಯುವ ಕೆಲಸವಿದ್ದು, ಕ್ಲಚ್ ಫ್ಯಾನ್ ಸರಿಯಾಗಿ ಕೂರುವುದಾದರೆ, ಅದನ್ನೇ ಉಳಿಸಿಕೊಳ್ಳಿ ಅಂತಲೇ ನಾನು ಹೇಳುವುದು.

ಎಲೆಕ್ಟ್ರಿಕ್ ಫ್ಯಾನಿನ ಲಾಭ ಒಂದೇ, ಆದರೆ ಅದು ದೊಡ್ಡದು. ಎಂಜಿನ್ ಎಷ್ಟೇ ನಿಧಾನವಾಗಿರಲಿ, ಇದು ತನ್ನ ಪೂರ್ತಿ ವೇಗದಲ್ಲಿ ತಿರುಗಬಲ್ಲದು. ಬೇಡವಾದಾಗ ಸುಮ್ಮನಿರುತ್ತದೆ.

ಈಗ ಗಾಳಿಯ ದಾರಿ. ಈ ಪಿಕಪ್‌ಗಳ ರೇಡಿಯೇಟರ್ ಹತ್ತಿರ ಹತ್ತಿರ 28 ಇಂಚು ಅಗಲ, 17 ಇಂಚು ಎತ್ತರ ಅಂತ ಇಟ್ಟುಕೊಳ್ಳೋಣ. ಅದರ ಮುಖ 476 ಚದರ ಇಂಚು. 16 ಇಂಚಿನ ಒಂದು ಫ್ಯಾನಿನ ವೃತ್ತ 201 ಚದರ ಇಂಚು. ಫ್ಯಾನನ್ನು ನೇರವಾಗಿ ರೇಡಿಯೇಟರಿಗೆ ಒತ್ತಿ ಕಟ್ಟಿದರೆ, ಆ ವೃತ್ತದ ಎದುರಿನ ಭಾಗದಿಂದಷ್ಟೇ ಗಾಳಿ ಬರುತ್ತದೆ. ದುಡ್ಡು ಕೊಟ್ಟು ತಂದ ರೇಡಿಯೇಟರಿನ ಅರ್ಧಕ್ಕಿಂತ ಜಾಸ್ತಿ ಭಾಗ ನಿಂತ ಗಾಡಿಯಲ್ಲಿ ಸುಮ್ಮನೆ ಬಿಸಿಯಾಗಿ ಕೂತಿರುತ್ತದೆ. ಅದಕ್ಕೇ ಶ್ರೌಡ್ ಬೇಕು. ರೇಡಿಯೇಟರಿನ ಪೂರ್ತಿ ಹಿಂಬದಿಯನ್ನು ಮುಚ್ಚಿ, ಅದರ ಕೋರಿನಿಂದ (ಟ್ಯೂಬು, ಫಿನ್ನುಗಳಿರುವ ನಡುಭಾಗದಿಂದ) ಒಂದೆರಡು ಇಂಚು ಹಿಂದೆ ಫ್ಯಾನ್ ಹಿಡಿದಿಡುವ ತಗಡಿನ ಇಲ್ಲವೇ ಪ್ಲಾಸ್ಟಿಕ್ಕಿನ ಪೆಟ್ಟಿಗೆ ಅದು. ಒಲೆಗೆ ಬರೀ ಬಾಯಲ್ಲಿ ಊದುವುದಕ್ಕೂ ಊದುಗೊಳವೆ ಹಿಡಿದು ಊದುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ. ಉಸಿರು ಅಷ್ಟೇ, ಹೋಗುವ ದಾರಿ ಬೇರೆ. ಅಂಚುಗಳಲ್ಲಿ ಸಂದಿ ಬಿಟ್ಟರೆ ಫ್ಯಾನ್ ಕಷ್ಟದ ಕೋರನ್ನು ಬಿಟ್ಟು ಸುಲಭದ ಸಂದಿಯಿಂದಲೇ ಗಾಳಿ ಎಳೆದುಕೊಳ್ಳುತ್ತದೆ. ಹಾಗಾಗಿ ಸಂದಿಗೆಲ್ಲ ಫೋಮ್ ಪಟ್ಟಿ ಹಚ್ಚಬೇಕು.

ಶ್ರೌಡಿನಿಂದಲೂ ಒಂದು ಅಡ್ಡಿ ಇದೆ. ಹೈವೇಯಲ್ಲಿ ನುಗ್ಗಿ ಬರುವ ಗಾಳಿಗೆ ಅದು ಗೋಡೆಯಾಗುತ್ತದೆ. ಒಳ್ಳೆಯ ಶ್ರೌಡುಗಳಲ್ಲಿ ಇದಕ್ಕೆಂದೇ ರಬ್ಬರ್ ಮುಚ್ಚಳಗಳಿರುತ್ತವೆ. ವೇಗದಲ್ಲಿ ಗಾಳಿಯ ಒತ್ತಡಕ್ಕೆ ತೆರೆದುಕೊಳ್ಳುತ್ತವೆ, ನಿಂತಾಗ ಫ್ಯಾನಿನ ಎಳೆತಕ್ಕೆ ಮುಚ್ಚಿಕೊಳ್ಳುತ್ತವೆ. ಫ್ಯಾನನ್ನು ರೇಡಿಯೇಟರಿನ ಮುಂದೆ ಇಡುವುದಕ್ಕಿಂತ ಹಿಂದೆ ಇಡುವುದೇ ಮೇಲು, ಮುಂದಿಟ್ಟರೆ ಅದೇ ಎದುರುಗಾಳಿಗೆ ಅಡ್ಡ. ಪ್ಲಾಸ್ಟಿಕ್ ಕಡ್ಡಿಗಳನ್ನು ಕೋರಿನೊಳಗೆ ತೂರಿಸಿ ಫ್ಯಾನ್ ನೇತುಹಾಕುವ ಪದ್ಧತಿ ದಯವಿಟ್ಟು ಬೇಡ. ಅದುರಿ ಅದುರಿ ಒಂದು ದಿನ ಕೋರಿನ ಟ್ಯೂಬ್ ಸವೆದು ತೂತಾಗುತ್ತದೆ.

ಕರೆಂಟಿನ ದಾರಿಯಲ್ಲಿ ತಪ್ಪುಗಳು ಇನ್ನೂ ಜಾಸ್ತಿ, ಅವು ಕಣ್ಣಿಗೂ ಬೀಳುವುದಿಲ್ಲ. ಒಂದು ದೊಡ್ಡ ಫ್ಯಾನ್ ಓಡುವಾಗ 25ರಿಂದ 30 ಆಂಪಿಯರ್ ಎಳೆಯುತ್ತದೆ. ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು. ತಿರುಗುತ್ತಿರುವ ಮೋಟರ್ ತಾನೇ ಒಂದು ಎದುರು ವೋಲ್ಟೇಜ್ ಹುಟ್ಟಿಸಿ ಕರೆಂಟನ್ನು ತಡೆಯುತ್ತದೆ. ನಿಂತ ಮೋಟರಿನಲ್ಲಿ ಆ ತಡೆ ಇಲ್ಲ, ಸುರುಳಿಯ ಸಣ್ಣ ರೆಸಿಸ್ಟೆನ್ಸ್ ಮಾತ್ರ. ಅದಕ್ಕೇ ಫ್ಯಾನ್ ಶುರುವಾದಾಗ ಹೆಡ್‌ಲೈಟ್ ಒಮ್ಮೆ ಮಂಕಾಗುವುದು. ಡ್ಯಾಶ್‌ಬೋರ್ಡಿನ ಸಣ್ಣ ಸ್ವಿಚ್ಚಿನ ಮೂಲಕ ಈ ಕರೆಂಟ್ ಹಾಯಿಸಿದರೆ ಸ್ವಿಚ್ ಕರಗುತ್ತದೆ, ಬೆಂಕಿಯೂ ಬೀಳಬಹುದು. ಸ್ವಿಚ್ ಆಗಲಿ ಎಂಜಿನ್ ಕಂಪ್ಯೂಟರ್ ಆಗಲಿ ರಿಲೇಯನ್ನು, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚನ್ನು, ಮಾತ್ರ ಎಬ್ಬಿಸಬೇಕು. ದೊಡ್ಡ ಕರೆಂಟ್ ಬ್ಯಾಟರಿ ಕಡೆಯಿಂದ ಫ್ಯೂಸ್ ಮೂಲಕ ರಿಲೇಗೆ, ಅಲ್ಲಿಂದ ಫ್ಯಾನಿಗೆ ಹೋಗಬೇಕು. ಫ್ಯೂಸ್ ಬ್ಯಾಟರಿಗೆ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು.

ವೈರಿನ ದಪ್ಪದ ಲೆಕ್ಕವನ್ನು ಒಮ್ಮೆ ಮಾಡಿ ನೋಡಿ. ಹೋಗಲು ಮೂರು ಮೀಟರ್, ಬರಲು ಮೂರು ಮೀಟರ್. 2.5 ಚದರ ಮಿಲಿಮೀಟರಿನ ತಾಮ್ರದ ವೈರಿನಲ್ಲಿ 30 ಆಂಪಿಯರ್ ಹರಿದರೆ 1.2 ವೋಲ್ಟಿಗೂ ಜಾಸ್ತಿ ದಾರಿಯಲ್ಲೇ ಕಳೆದುಹೋಗುತ್ತದೆ. 6 ಚದರ ಮಿಲಿಮೀಟರಿನ ವೈರಿನಲ್ಲಿ ಅರ್ಧ ವೋಲ್ಟ್ ಮಾತ್ರ. ವೋಲ್ಟೇಜ್ ಇಳಿದರೆ ಫ್ಯಾನಿನ ವೇಗವೂ ಇಳಿಯುತ್ತದೆ, ಗಾಳಿಯೂ ಇಳಿಯುತ್ತದೆ. ಬಣ್ಣ ಬಳಿದ ಜಾಗಕ್ಕೆ ಅರ್ತ್ ಬಿಗಿದಿದ್ದರೆ ನಷ್ಟ ಇನ್ನೂ ಹೆಚ್ಚು. ಹೊಸ ಫ್ಯಾನ್ ತರುವ ಮೊದಲು, ಫ್ಯಾನ್ ಓಡುತ್ತಿರುವಾಗ ಅದರ ಪ್ಲಗ್ಗಿನಲ್ಲೇ ಮಲ್ಟಿಮೀಟರ್ ಇಟ್ಟು ನೋಡಿ.

ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ, ಹಳೇ ಪಿಕಪ್‌ನ ಆಲ್ಟರ್ನೇಟರ್ ಕೂಡ ಈ ಹೊರೆಗೆ ಹುಟ್ಟಿದ್ದಲ್ಲ. 1970ರ ದಶಕದಲ್ಲಿ 37 ಇಲ್ಲವೇ 61 ಆಂಪಿಯರಿನವು ಮಾಮೂಲಿ. ಅದೂ ಎಂಜಿನ್ ಜೋರಾಗಿ ತಿರುಗುವಾಗ. ನಿಂತಾಗ ಅದಕ್ಕಿಂತ ಎಷ್ಟೋ ಕಡಿಮೆ. ಹೊಸ ಎಂಜಿನ್ನಿನ ಜೊತೆಗೇ ಬರುವ 100 ಆಂಪಿಯರಿಗೂ ಮೇಲಿನ ಆಲ್ಟರ್ನೇಟರನ್ನು ಬಿಡದೆ ಬಳಸಿಕೊಳ್ಳಬೇಕು. ಅದರಿಂದ ಬ್ಯಾಟರಿಗೆ ಹೋಗುವ ಹಳೇ ಸಣ್ಣ ವೈರನ್ನೂ ಬದಲಿಸಬೇಕು.

ಎರಡು ಫ್ಯಾನ್ ಇದ್ದರೆ, ಶೆವರ್ಲೆಯ ಮಾತೃಸಂಸ್ಥೆ ಜನರಲ್ ಮೋಟರ್ಸ್ ತನ್ನ ಗಾಡಿಗಳಲ್ಲಿ ಬಳಸಿದ ಒಂದು ಜಾಣ ಜೋಡಣೆ ಇದೆ. ಮೂರು ರಿಲೇ. ಮೊದಲ ಹಂತದಲ್ಲಿ ಎರಡೂ ಫ್ಯಾನ್ ಒಂದರ ಹಿಂದೆ ಒಂದು ಸರಣಿಯಲ್ಲಿ ಸೇರುತ್ತವೆ. ಪ್ರತಿಯೊಂದಕ್ಕೂ ಅರ್ಧ ವೋಲ್ಟೇಜ್, ನಿಧಾನ ವೇಗ, ಕಡಿಮೆ ಸದ್ದು. ಘನದ ಲೆಕ್ಕ ಇಲ್ಲಿ ನಮ್ಮ ಪರವಾಗಿ ನಿಲ್ಲುತ್ತದೆ. ವೇಗ ಸ್ವಲ್ಪ ಇಳಿದರೂ ಕರೆಂಟಿನ ಹೊರೆ ಬಹಳ ಇಳಿಯುತ್ತದೆ. ಬಿಸಿ ಇನ್ನೂ ಏರಿದರೆ ರಿಲೇಗಳು ಎರಡಕ್ಕೂ ಪೂರ್ತಿ ವೋಲ್ಟೇಜ್ ಕೊಡುತ್ತವೆ.

ಫ್ಯಾನ್ ಯಾವಾಗ ಶುರುವಾಗಬೇಕು? ಇಲ್ಲಿ ಥರ್ಮೋಸ್ಟಾಟನ್ನು, ಅಂದರೆ ಕೂಲೆಂಟ್ ಬಿಸಿಯಾದ ಮೇಲಷ್ಟೇ ಅದನ್ನು ರೇಡಿಯೇಟರಿಗೆ ಬಿಡುವ ಕವಾಟವನ್ನು, ಮರೆಯುವವರು ಬಹಳ. ಅದು 86 ಡಿಗ್ರಿಯಲ್ಲಿ ತೆರೆಯಲು ಶುರುಮಾಡುತ್ತದೆ ಅಂದರೆ, ಎಂಜಿನ್ ಅದಕ್ಕಿಂತ ತಣ್ಣಗಾಗಲು ಅದು ಬಿಡುವುದೇ ಇಲ್ಲ. ಫ್ಯಾನನ್ನು 80ಕ್ಕೆ ಇಟ್ಟರೆ ಅದು ಎಂದೂ ನಿಲ್ಲುವುದಿಲ್ಲ. ಥರ್ಮೋಸ್ಟಾಟ್ ಪೂರ್ತಿ ತೆರೆದ ಮೇಲೆ, ಅಂದರೆ 97-98ರ ಸುಮಾರಿಗೆ ಫ್ಯಾನ್ ಬಂದು, 93ರ ಹತ್ತಿರ ನಿಂತರೆ ಒಳ್ಳೆಯದು. ಇದೇ ಕುಟುಂಬದ ಎಂಜಿನ್ ಇದ್ದ ಕಮಾರೊ ಕಾರಿನಲ್ಲಿ ಕಂಪನಿ ಫ್ಯಾನಿನ ಮೊದಲ ಹಂತವನ್ನು 108 ಡಿಗ್ರಿಯ ಸುಮಾರಿಗೆ ಇಟ್ಟಿತ್ತು. ನೂರು ದಾಟಿದರೆ ಕುದಿಯುವುದಿಲ್ಲವೇ ಅಂದರೆ, ಇಲ್ಲ. ಅರ್ಧ ನೀರು ಅರ್ಧ ಕೂಲೆಂಟ್, ಮೇಲೆ ಒಂದು ವಾಯುಭಾರದಷ್ಟು ಒತ್ತಡ ಹಿಡಿಯುವ ಮುಚ್ಚಳ ಇದ್ದರೆ ಕುದಿಯುವುದು 130ರ ಹತ್ತಿರ. ಬಿಸಿ ಅಳೆಯುವ ಸೆನ್ಸರ್ ಮಾತ್ರ ಎಂಜಿನ್ ಹೆಡ್ಡಿನಲ್ಲೇ ಇರಲಿ. ರೇಡಿಯೇಟರಿನ ಫಿನ್ನುಗಳ ನಡುವೆ ಸಿಕ್ಕಿಸುವ ಕಡ್ಡಿ ಗಾಳಿಯಿಂದಲೂ ತಣ್ಣಗಾಗಿ ತಪ್ಪು ಓದುತ್ತದೆ. ಎ.ಸಿ. ಹಾಕಿದಾಗ, ಎಂಜಿನ್ ತಣ್ಣಗಿದ್ದರೂ, ಕಂಡೆನ್ಸರಿಗಾಗಿ ಫ್ಯಾನ್ ಓಡುವಂತೆ ಬೇರೆ ಸಂಪರ್ಕ ಬೇಕು.

ಈ ಎಂಜಿನ್ನಿಗೇ ಸೇರಿದ ಇನ್ನೊಂದು ವಿಷಯ ಬಿಡುವಂತಿಲ್ಲ. ಸಿಲಿಂಡರ್ ಹೆಡ್ಡುಗಳ ಮೇಲ್ಭಾಗದಿಂದ ಆವಿ ಮತ್ತು ಗಾಳಿಗುಳ್ಳೆ ಹೊರಹೋಗಲು ಸಣ್ಣ ಕೊಳವೆಯೊಂದಿದೆ. ಹಳೇ ರೇಡಿಯೇಟರಿನಲ್ಲಿ ಅದಕ್ಕೆ ಬಾಯಿ ಇಲ್ಲ ಅಂತ ಮುಚ್ಚಿಬಿಡುವವರಿದ್ದಾರೆ. ಆಗ ಗಾಳಿ ಹೆಡ್ಡಿನಲ್ಲೇ ಸಿಕ್ಕಿಕೊಂಡು ಅಲ್ಲಿನ ಲೋಹ ಸುಡುತ್ತದೆ. ಸೆನ್ಸರಿನ ಸುತ್ತ ನೀರಿನ ಬದಲು ಗಾಳಿ ಇದ್ದರೆ ಬಿಸಿ ತೋರಿಸುವ ಮುಳ್ಳು ನಿಜ ಹೇಳುವುದಿಲ್ಲ, ಫ್ಯಾನೂ ಹೊತ್ತಿಗೆ ಬರುವುದಿಲ್ಲ. ಕೊಳವೆಯನ್ನು ರೇಡಿಯೇಟರಿನ ಮೇಲ್ಭಾಗಕ್ಕೋ ಕೂಲೆಂಟ್ ತೊಟ್ಟಿಗೋ ಸೇರಿಸಲೇಬೇಕು.

ಎಲ್ಲ ಮುಗಿದ ಮೇಲೂ ಗಾಡಿ ಬಿಸಿಯಾದರೆ, ಎಲ್ಲಿ ಬಿಸಿಯಾಗುತ್ತದೆ ಅಂತ ಮೊದಲು ಗಮನಿಸಿ. ನಿಂತಾಗ ಏರಿ, ಓಡಿದರೆ ಇಳಿಯುವುದಾದರೆ ಫ್ಯಾನ್, ಶ್ರೌಡ್, ವೈರಿಂಗ್ ನೋಡಿ. ಹೈವೇಯಲ್ಲೇ ಏರಿದರೆ ಫ್ಯಾನನ್ನು ಬೈದು ಪ್ರಯೋಜನವಿಲ್ಲ. ಅಲ್ಲಿ ಕಾರಣ ಕಟ್ಟಿಕೊಂಡ ರೇಡಿಯೇಟರ್, ಪೂರ್ತಿ ತೆರೆಯದ ಥರ್ಮೋಸ್ಟಾಟ್, ಪಂಪಿನ ಎಳೆತಕ್ಕೆ ಚಪ್ಪಟೆಯಾಗುವ ಕೆಳಗಿನ ಹೋಸ್, ಇಲ್ಲವೇ ರಬ್ಬರ್ ಮುಚ್ಚಳಗಳಿಲ್ಲದ ಶ್ರೌಡ್.