ಹನ್ನೆರಡು ಶಿಷ್ಯರು, ಹನ್ನೆರಡು ರಾಶಿ: ಬೈಬಲ್‌ನಲ್ಲಿ ಸೂರ್ಯನನ್ನು ಹುಡುಕಿದವರ ಕಥೆ

5ನೇ ಶತಮಾನದ ಮಧ್ಯಭಾಗ. ರೋಮ್‌ನ ಸಂತ ಪೇತ್ರನ ಬಸಿಲಿಕಾ, ಅಂದರೆ ದೊಡ್ಡ ಚರ್ಚು. ಬೆಳಗ್ಗೆ ಜನ ಪ್ರಾರ್ಥನೆಗೆ ಬರುತ್ತಿದ್ದಾರೆ. ಮೆಟ್ಟಿಲು ಹತ್ತಿ ಮೇಲೆ ಬಂದವರಲ್ಲಿ ಕೆಲವರು ಬಾಗಿಲು ದಾಟುವ ಮುಂಚೆ ಒಮ್ಮೆ ಹಿಂದಕ್ಕೆ ತಿರುಗುತ್ತಾರೆ. ಮೂಡುತ್ತಿರುವ ಸೂರ್ಯನಿಗೆ ತಲೆಬಾಗುತ್ತಾರೆ. ಆಮೇಲೆ ಒಳಗೆ ಹೋಗುತ್ತಾರೆ.

ಪೋಪ್ ಮೊದಲನೇ ಲಿಯೋಗೆ ಇದರಿಂದ ತುಂಬ ಬೇಸರವಾಯಿತು. ಕ್ರಿಸ್ಮಸ್ ಉಪದೇಶದಲ್ಲೇ ಈ ಮಾತು ಎತ್ತಿದರು. ಕೆಲವರು ತಿಳಿಯದೆ ಹೀಗೆ ಮಾಡುತ್ತಾರೆ, ಇನ್ನು ಕೆಲವರಿಗೆ ಹಳೆಯ ನಂಬಿಕೆ ಬಿಟ್ಟಿಲ್ಲ ಎಂದರು. ಬೆಳಕನ್ನು ಸೃಷ್ಟಿಸಿದವನಿಗೇ ನಮಿಸುತ್ತಿದ್ದೇವೆ ಎಂದು ಮನಸ್ಸಿನಲ್ಲಿದ್ದರೂ ಇದು ಬೇಡ, ನೋಡುವವರಿಗೆ ತಪ್ಪು ಅರ್ಥ ಹೋಗುತ್ತದೆ ಎಂಬುದು ಅವರ ವಾದ.

ಕ್ರಿಸ್ತನಿಗೂ ಸೂರ್ಯನಿಗೂ ಏನು ಸಂಬಂಧ ಎಂಬ ಪ್ರಶ್ನೆ ಇವತ್ತಿನದಲ್ಲ ಎನ್ನುವುದಕ್ಕೆ ಈ ಮೆಟ್ಟಿಲುಗಳೇ ಸಾಕು. ಈಗ ವಿಡಿಯೊಗಳಲ್ಲಿ ಇದನ್ನು ‘ಬಚ್ಚಿಟ್ಟ ರಹಸ್ಯ’ ಎಂದು ತೋರಿಸುತ್ತಾರೆ. ಯೇಸು ಅಂದರೆ ಸೂರ್ಯ, ಶಿಷ್ಯರು ಅಂದರೆ ರಾಶಿಗಳು, ಯೇಸುವಿನ ಕಥೆ ಹೇಳುವ ಸುವಾರ್ತೆ ಅಂದರೆ ಪಂಚಾಂಗ ಎನ್ನುತ್ತಾರೆ. ಇದರಲ್ಲಿ ಅರ್ಧ ಮಾತಿಗೆ ನಿಜವಾದ ಹಳೆಯ ಬೇರಿದೆ. ಉಳಿದರ್ಧ ಹುಟ್ಟಿದ್ದು ಫ್ರೆಂಚ್ ಕ್ರಾಂತಿಯ ಕಾಲದಲ್ಲಿ. ಎರಡನ್ನೂ ಬೆರೆಸಿ ಹೇಳುವುದರಿಂದಲೇ ಇಷ್ಟು ಗೊಂದಲ.

ಮೊದಲು ಗ್ರಂಥವನ್ನೇ ನೋಡೋಣ. ಬೈಬಲ್‌ಗೆ ಆಕಾಶದ ಸೆಳೆತವೂ ಇದೆ, ಭಯವೂ ಇದೆ. ಸೂರ್ಯ, ಚಂದ್ರ, ನಕ್ಷತ್ರಗಳಿಗೆ ಅಡ್ಡಬೀಳಬೇಡಿ ಎಂದು ಧರ್ಮೋಪದೇಶಕಾಂಡ ಕಟ್ಟುನಿಟ್ಟಾಗಿ ಹೇಳುತ್ತದೆ. ಹೀಗೆ ಹೇಳಬೇಕಾಯಿತು ಅಂದರೆ ಅಡ್ಡಬೀಳುವವರು ಇದ್ದರು ಅಂತಲೇ ಅರ್ಥ, ಅಲ್ವಾ? ಯೆರೂಸಲೇಮಿನ ದೇವಾಲಯದ ಬಾಗಿಲಲ್ಲಿ ಸೂರ್ಯನಿಗೆ ಅರ್ಪಿಸಿದ್ದ ಕುದುರೆಗಳನ್ನು ಅರಸ ಯೋಷೀಯ ತೆಗೆಸಿದ, ಸೂರ್ಯನ ರಥಗಳನ್ನು ಸುಡಿಸಿದ ಎಂದು ಅರಸುಗಳ ಪುಸ್ತಕದಲ್ಲೇ ಬರೆದಿದೆ. ಪ್ರವಾದಿ ಯೆಹೆಜ್ಕೇಲ ಕಂಡ ದರ್ಶನದಲ್ಲಿ ಸುಮಾರು 25 ಮಂದಿ ಗಂಡಸರು ದೇವಾಲಯಕ್ಕೆ ಬೆನ್ನು ಹಾಕಿ ಪೂರ್ವಕ್ಕೆ ತಿರುಗಿ ಸೂರ್ಯನನ್ನು ಪೂಜಿಸುತ್ತಾರೆ. ಲಿಯೋ ಕಂಡ ದೃಶ್ಯವೇ, ಸಾವಿರ ವರ್ಷ ಮುಂಚೆ.

ಅದೇ ಗ್ರಂಥ ಸೂರ್ಯನನ್ನು ಪ್ರೀತಿಯಿಂದ ಹೋಲಿಕೆಗೂ ತರುತ್ತದೆ. ಕೀರ್ತನೆಯಲ್ಲಿ ಸೂರ್ಯ ಮದುಮಗನ ಹಾಗೆ ಹೊರಗೆ ಬರುತ್ತಾನೆ. ಮಲಾಕಿಯ ಪುಸ್ತಕದಲ್ಲಿ ನೀತಿಯ ಸೂರ್ಯ ಉದಯಿಸುತ್ತಾನೆ. ಬೆಟ್ಟದ ಮೇಲೆ ಯೇಸುವಿನ ಮುಖ ಸೂರ್ಯನಂತೆ ಹೊಳೆಯಿತು ಎಂದು ಮತ್ತಾಯ ಬರೆಯುತ್ತಾನೆ. ಮೂಡಣ ದೇಶದ ಜೋಯಿಸರು ನಕ್ಷತ್ರ ನೋಡಿಕೊಂಡು ಬಂದದ್ದನ್ನು ಹೇಳುವವನೂ ಅವನೇ. ಪ್ರಕಟನೆ ಗ್ರಂಥದಲ್ಲಿ ಸೂರ್ಯನನ್ನೇ ಉಟ್ಟ ಹೆಂಗಸು ಬರುತ್ತಾಳೆ. ಅವಳ ಕಾಲಡಿ ಚಂದ್ರ, ತಲೆಯ ಮೇಲೆ ಹನ್ನೆರಡು ನಕ್ಷತ್ರಗಳ ಕಿರೀಟ. ಇಷ್ಟೆಲ್ಲ ಇರುವಾಗ ಓದುಗರ ಕಣ್ಣು ಆಕಾಶಕ್ಕೆ ಹೋಗದೆ ಇರುತ್ತದೆಯೇ?

ಹೋಯಿತು, ಬಹಳ ಬೇಗನೇ ಹೋಯಿತು. 1ನೇ ಶತಮಾನದ ಯೆಹೂದಿ ಲೇಖಕರಾದ ಫಿಲೋ ಮತ್ತು ಜೋಸೆಫಸ್ ಇಬ್ಬರೂ ಮಹಾಯಾಜಕನ ಎದೆಪದಕದ ಹನ್ನೆರಡು ಕಲ್ಲುಗಳಲ್ಲಿ ಹನ್ನೆರಡು ರಾಶಿಗಳನ್ನು ಕಂಡರು. ದೀಪಸ್ತಂಭದ ಏಳು ದೀಪಗಳು ಅವರಿಗೆ ಏಳು ಗ್ರಹಗಳು. ಇದರಿಂದ ದೇವರು ಸುಳ್ಳು ಎಂದು ಅವರಿಗೆ ಅನಿಸಲಿಲ್ಲ. ದೇವಾಲಯವೆಂದರೆ ಇಡೀ ವಿಶ್ವದ ಚಿಕ್ಕ ರೂಪ ಎಂಬ ಹೆಮ್ಮೆ ಅದು.

2ನೇ ಶತಮಾನದಲ್ಲಿ ಥಿಯೊಡೋಟಸ್ ಎಂಬ ಜ್ಞಾನಪಂಥಿ (ಗುಪ್ತ ಜ್ಞಾನದಿಂದಲೇ ಮುಕ್ತಿ ಎಂದು ನಂಬಿದವರ ಪಂಥ ಅದು) ಇನ್ನೊಂದು ಹೆಜ್ಜೆ ಮುಂದೆ ಹೋದ. ಅವನ ಮಾತುಗಳು ನಮಗೆ ಸಿಕ್ಕಿರುವುದು ಅಲೆಕ್ಸಾಂಡ್ರಿಯದ ಕ್ಲೆಮೆಂಟ್ ಬರೆದಿಟ್ಟುಕೊಂಡ ಟಿಪ್ಪಣಿಗಳಿಂದ. ಹನ್ನೆರಡು ರಾಶಿಗಳ ಜಾಗಕ್ಕೆ ಹನ್ನೆರಡು ಅಪೊಸ್ತಲರು, ಅಂದರೆ ಯೇಸುವಿನ ಮುಖ್ಯ ಶಿಷ್ಯರು, ಬಂದರು, ಹುಟ್ಟನ್ನು ರಾಶಿಗಳು ನಡೆಸಿದರೆ ಮರುಹುಟ್ಟನ್ನು ಅಪೊಸ್ತಲರು ನಡೆಸುತ್ತಾರೆ ಎನ್ನುತ್ತಾನೆ. ಬೇತ್ಲೆಹೇಮಿನ ಹೊಸ ನಕ್ಷತ್ರ ಹಳೆಯ ಗ್ರಹಗಳ ಹಿಡಿತವನ್ನು ಮುರಿಯಿತು ಎಂಬುದೂ ಅವನ ನಂಬಿಕೆ. ಗಮನಿಸಿ: ಇಲ್ಲಿ ಯೇಸು ಸೂರ್ಯನಲ್ಲ, ಜಾತಕದಿಂದ ಬಿಡುಗಡೆ ಕೊಡುವವನು. ಗ್ರಹಗತಿಗೆ ಹೆದರಿ ಬದುಕುತ್ತಿದ್ದ ಜನಕ್ಕೆ ಅದೆಂಥ ಸಮಾಧಾನ ಕೊಟ್ಟಿರಬೇಕು!

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ರೋಮ್‌ನ ಕ್ಲೆಮೆಂಟ್ ಎಂಬ ಇನ್ನೊಬ್ಬನ ಹೆಸರಿನಲ್ಲಿ ಬೇರೆ ಯಾರೋ ಬರೆದ ಹಳೆಯ ಕೃತಿಯ ಲೆಕ್ಕ. ಅದರ ಪ್ರಕಾರ ಪ್ರಭುವಿಗೆ ಹನ್ನೆರಡು ಅಪೊಸ್ತಲರು, ಸೂರ್ಯನ ಹನ್ನೆರಡು ತಿಂಗಳಿದ್ದ ಹಾಗೆ. ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಸ್ನಾನಿಕ ಯೋಹಾನನಿಗೆ ಮೂವತ್ತು ಮುಖ್ಯ ಶಿಷ್ಯರು, ಚಂದ್ರನ ತಿಂಗಳಿನ ದಿನಗಳಿದ್ದ ಹಾಗೆ. ಆದರೆ ಚಂದ್ರನ ತಿಂಗಳು ಪೂರ್ತಿ ಮೂವತ್ತು ದಿನ ಇಲ್ಲವಲ್ಲ, ಸುಮಾರು 29 ಚಿಲ್ಲರೆ. ಅದಕ್ಕೂ ಉತ್ತರ ಸಿದ್ಧವಿದೆ. ಆ ಮೂವತ್ತರಲ್ಲಿ ಹೆಲೆನಾ ಎಂಬ ಒಬ್ಬ ಹೆಂಗಸಿದ್ದಳಂತೆ, ಹೆಂಗಸು ಅರ್ಧ ಗಂಡಸಿನ ಲೆಕ್ಕವಂತೆ. ಅಲ್ಲಿಗೆ ಇಪ್ಪತ್ತೊಂಬತ್ತೂವರೆ! ಹೆಣ್ಣನ್ನು ಅರ್ಧ ಎಂದು ಎಣಿಸಿದ್ದು ಇವತ್ತು ಓದಿದರೆ ನೋವಾಗುತ್ತದೆ. ಆದರೆ ಈ ಲೆಕ್ಕ ಒಂದನ್ನು ಸ್ಪಷ್ಟವಾಗಿ ತೋರಿಸುತ್ತದೆ. ಮೊದಲ ಶತಮಾನಗಳ ಕ್ರೈಸ್ತರು ಶಿಷ್ಯರನ್ನೂ ತಿಂಗಳುಗಳನ್ನೂ ಬಹಿರಂಗವಾಗಿಯೇ ಹೋಲಿಸುತ್ತಿದ್ದರು. ಯಾರೂ ಏನನ್ನೂ ಬಚ್ಚಿಟ್ಟಿರಲಿಲ್ಲ.

ಹೊರಗಿನವರಿಗೂ ಈ ನಂಟು ಕಾಣುತ್ತಿತ್ತು. ನಾವು ಪೂರ್ವಕ್ಕೆ ಮುಖ ಮಾಡಿ ಪ್ರಾರ್ಥಿಸುವುದರಿಂದ ಸೂರ್ಯನೇ ನಮ್ಮ ದೇವರು ಎಂದು ಕೆಲವರು ತಿಳಿದಿದ್ದಾರೆ ಎಂದು ಸುಮಾರು ಕ್ರಿ.ಶ. 197ರಲ್ಲಿ ಕ್ರೈಸ್ತ ಲೇಖಕ ತೆರ್ತುಲಿಯನ್ ಬರೆದ.

ಇನ್ನು ಡಿಸೆಂಬರ್ 25. ಎಲ್ಲರೂ ಮೊದಲು ಎತ್ತುವುದೇ ಇದನ್ನು. ರೋಮ್‌ನ ಚಕ್ರವರ್ತಿ ಆರೇಲಿಯನ್ 274ರಲ್ಲಿ ‘ಅಜೇಯ ಸೂರ್ಯ’ನಿಗೆ ದೊಡ್ಡ ಗುಡಿ ಕಟ್ಟಿಸಿದ, ಕ್ರೈಸ್ತರು ಆ ಹಬ್ಬದ ದಿನವನ್ನೇ ತೆಗೆದುಕೊಂಡರು ಎನ್ನುತ್ತಾರೆ. ಸಾಕ್ಷಿ ಏನಿದೆ? 354ರಲ್ಲಿ ರೋಮ್‌ನಲ್ಲಿ ಸಿದ್ಧವಾದ ಒಂದು ಪಂಚಾಂಗ ಪುಸ್ತಕವಿದೆ. ಅದರ ಒಂದು ಭಾಗದಲ್ಲಿ ಡಿಸೆಂಬರ್ 25ರ ಎದುರು ‘ಅಜೇಯನ ಹುಟ್ಟಿದ ದಿನ, ಮೂವತ್ತು ರಥದ ಪಂದ್ಯ’ ಎಂಬ ನಮೂದು. ಅದೇ ಪುಸ್ತಕದ ಇನ್ನೊಂದು ಪಟ್ಟಿಯಲ್ಲಿ ಅದೇ ದಿನ ‘ಯೂದಾಯದ ಬೇತ್ಲೆಹೇಮಿನಲ್ಲಿ ಕ್ರಿಸ್ತನ ಜನನ’. ಈ ಎರಡನೇ ಪಟ್ಟಿ 336ರಷ್ಟು ಹಳೆಯದು ಎಂದು ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಅಂದರೆ ಎರಡು ಹುಟ್ಟುಹಬ್ಬಗಳೂ ಒಂದೇ ರಟ್ಟಿನೊಳಗೆ ಸಿಗುತ್ತವೆ. ಯಾರು ಯಾರನ್ನು ನೋಡಿ ಇಟ್ಟುಕೊಂಡರು ಎಂಬುದು ಜನ ಹೇಳುವಷ್ಟು ಸಲೀಸಾದ ವಿಷಯವಲ್ಲ. ಯೇಸು ಗರ್ಭಕ್ಕೆ ಬಂದದ್ದು ಮತ್ತು ಸತ್ತದ್ದು ಮಾರ್ಚ್ 25ರಂದೇ ಎಂದು ನಂಬಿ, ಅದಕ್ಕೆ ಒಂಬತ್ತು ತಿಂಗಳು ಸೇರಿಸಿ ಈ ದಿನ ಕಂಡುಕೊಂಡರು ಎಂಬ ಇನ್ನೊಂದು ವಿವರಣೆಯನ್ನು 1889ರಲ್ಲಿ ಫ್ರೆಂಚ್ ಚರಿತ್ರಕಾರ ಲೂಯಿ ದುಷೇನ್ ಮುಂದಿಟ್ಟರು. ವಾದ ಇನ್ನೂ ಮುಗಿದಿಲ್ಲ.

ದಿನ ಎಲ್ಲಿಂದಲಾದರೂ ಬಂದಿರಲಿ, ಸೂರ್ಯನ ಅರ್ಥ ಅದಕ್ಕೆ ಬೇಗ ಅಂಟಿಕೊಂಡಿತು. ಸ್ನಾನಿಕ ಯೋಹಾನನ ಹುಟ್ಟುಹಬ್ಬ ಜೂನ್ 24, ಹಗಲು ಕಿರಿದಾಗತೊಡಗುವ ಸಮಯ. ಕ್ರಿಸ್ತನದು ಹಗಲು ಹಿರಿದಾಗತೊಡಗುವ ಸಮಯ. ‘ಆತನು ಹೆಚ್ಚಬೇಕು, ನಾನು ಕಡಿಮೆಯಾಗಬೇಕು’ ಎಂಬ ಯೋಹಾನನ ಮಾತಿಗೆ ಇದನ್ನು ಜೋಡಿಸಿದವರು ಸಂತ ಅಗಸ್ಟೀನ್. ಈ ದಿನವನ್ನು ಆಚರಿಸುವುದು ಸೂರ್ಯನಿಗಾಗಿ ಅಲ್ಲ, ಸೂರ್ಯನನ್ನು ಮಾಡಿದವನಿಗಾಗಿ ಎಂದೂ ಅವರೇ ಎಚ್ಚರಿಸಿದರು.

ಮಧ್ಯಯುಗದಲ್ಲಿ ಪ್ರಶ್ನೆಯ ಮುಖ ಬದಲಾಯಿತು. ಈಗ ಕ್ರಿಸ್ತನ ಜಾತಕದ ಚರ್ಚೆ. 9ನೇ ಶತಮಾನದ ಜ್ಯೋತಿಷಿ ಅಬು ಮಾಶರ್ ಕನ್ಯಾ ರಾಶಿಯ ಮೊದಲ ದ್ರೇಕ್ಕಾಣದಲ್ಲಿ (ರಾಶಿಯ ಮೂರನೇ ಒಂದು ಭಾಗ) ಮಗುವಿಗೆ ಹಾಲೂಡುವ ಕನ್ಯೆಯೊಬ್ಬಳನ್ನು ವರ್ಣಿಸಿದ್ದ, ಆ ಮಗುವನ್ನು ಕೆಲವರು ಈಸಾ ಎನ್ನುತ್ತಾರೆ ಎಂದೂ ಬರೆದಿದ್ದ. ಯುರೋಪಿನ ಪಂಡಿತರು ಆ ಸಾಲನ್ನು ಸಂತೋಷದಿಂದ ಎತ್ತಿಕೊಂಡರು. ಆದರೆ ದೇವರ ಮಗನಿಗೇ ಜಾತಕ ಬರೆದರೆ ಅವನೂ ಗ್ರಹಗಳ ಅಧೀನನಾಗುತ್ತಾನಲ್ಲ? ಈ ತೊಡಕಿನಿಂದ ಯಾರೂ ಸುಲಭವಾಗಿ ಪಾರಾಗಲಿಲ್ಲ. 1554ರಲ್ಲಿ ಇಟಲಿಯ ವೈದ್ಯ, ಜ್ಯೋತಿಷಿ ಜಿರೋಲಾಮೊ ಕಾರ್ಡಾನೊ ಕ್ರಿಸ್ತನ ಜಾತಕವನ್ನು ಅಚ್ಚು ಹಾಕಿಸಿದ. 1570ರಲ್ಲಿ ಚರ್ಚಿನ ಧರ್ಮವಿಚಾರಣೆಯವರು ಅವನನ್ನು ಬಂಧಿಸಿದರು.

ಖಗೋಳವಿಜ್ಞಾನಿ ಕೆಪ್ಲರ್ ಹಿಡಿದದ್ದು ಬೇರೆ ದಾರಿ. 1603ರ ಕೊನೆಗೆ ಗುರು ಮತ್ತು ಶನಿ ಒಂದಾದವು, 1604ರಲ್ಲಿ ಆಕಾಶದ ಅದೇ ಭಾಗದಲ್ಲಿ ಹೊಸ ನಕ್ಷತ್ರ ಹೊಳೆಯಿತು. ಹಿಂದಕ್ಕೆ ಗಣಿಸಿದಾಗ ಕ್ರಿ.ಪೂ. 7ರಲ್ಲಿಯೂ ಮೀನ ರಾಶಿಯಲ್ಲಿ ಗುರು-ಶನಿ ಸೇರಿದ್ದು ಸಿಕ್ಕಿತು. ಬೇತ್ಲೆಹೇಮಿನ ನಕ್ಷತ್ರವನ್ನು ಗಣಿತದಿಂದ ಹುಡುಕುವ ಕೆಲಸಕ್ಕೆ ಅವನೇ ದಾರಿ ಹಾಕಿಕೊಟ್ಟ, ಇವತ್ತಿಗೂ ಖಗೋಳ ಬಲ್ಲವರು ಅದನ್ನು ಬಿಟ್ಟಿಲ್ಲ.

ಇಲ್ಲಿಯವರೆಗೆ ಯೇಸು ಇದ್ದನೇ ಎಂದು ಆಕಾಶ ತೋರಿಸಿ ಕೇಳಿದವರಿರಲಿಲ್ಲ. ಆ ತಿರುವು ಬಂದದ್ದು ಪ್ಯಾರಿಸ್‌ನಲ್ಲಿ. ಖಗೋಳವಿಜ್ಞಾನಿ ಲಲಾಂದ್‌ರ ಪಾಠ ಕೇಳಿ ಆಕಾಶಕ್ಕೆ ಮನಸೋತಿದ್ದ ಶಾರ್ಲ್ ಫ್ರಾಂಸ್ವಾ ದ್ಯುಪ್ವಿ 1795ರಲ್ಲಿ ಎಲ್ಲ ಧರ್ಮಗಳ ಮೂಲದ ಬಗ್ಗೆ ಒಂದು ಬೃಹತ್ ಗ್ರಂಥ ಹೊರತಂದ. ಡಿಸೆಂಬರ್ 25ರ ನಡುರಾತ್ರಿ ಪೂರ್ವದ ದಿಗಂತದಲ್ಲಿ ಮೂಡುವುದು ಕನ್ಯಾ ರಾಶಿ, ಆದ್ದರಿಂದ ಕನ್ಯೆಗೆ ಹುಟ್ಟಿದವನು ಸೂರ್ಯ. ವಸಂತದಲ್ಲಿ ಸೂರ್ಯ ಮೇಷಕ್ಕೆ ಬಂದು ಕತ್ತಲೆಯನ್ನು ಗೆಲ್ಲುತ್ತಾನೆ, ಅದೇ ಯೆಹೂದಿಗಳ ಪಾಸ್ಕ ಹಬ್ಬದ ಕುರಿಮರಿ. ಶಿಷ್ಯರು ರಾಶಿಗಳು. ಹೀಗೆ ಸಾಗುತ್ತದೆ ಅವನ ವಾದ. ಚರ್ಚಿನ ಅಧಿಕಾರವನ್ನು ಮುರಿಯಲು ಹೊರಟಿದ್ದ ಕಾಲಕ್ಕೆ ಇದು ದೊಡ್ಡ ಆಯುಧವಾಯಿತು. ಇಂಗ್ಲೆಂಡಿನಲ್ಲಿ ಇದನ್ನೇ ಬೋಧಿಸಿದ ಮಾಜಿ ಪಾದ್ರಿ ರಾಬರ್ಟ್ ಟೇಲರ್ ಧರ್ಮನಿಂದನೆಯ ಆರೋಪದಲ್ಲಿ ಎರಡು ಸಲ ಜೈಲಿಗೆ ಹೋದ, ಮೊದಲು ಒಂದು ವರ್ಷ, ಆಮೇಲೆ ಎರಡು ವರ್ಷ. ಅವನ ವಾದವನ್ನು ನಾನು ಒಪ್ಪುವುದಿಲ್ಲ. ಆದರೆ ಒಂದು ಓದಿಗಾಗಿ ಮೂರು ವರ್ಷ ಸೆರೆಮನೆ ಎಂಬುದು ಅನ್ಯಾಯವೇ.

ದ್ಯುಪ್ವಿಗೆ ಸಿಕ್ಕ ಅತ್ಯುತ್ತಮ ಉತ್ತರ ಬಂದದ್ದು 1827ರಲ್ಲಿ, ಆಜಾನ್ ಊರಿನ ಗ್ರಂಥಪಾಲಕ ಜ್ಯಾಂ ಬಾತಿಸ್ತ್ ಪೆರೆಸ್ ಬರೆದ ಪುಟ್ಟ ಪುಸ್ತಿಕೆಯಿಂದ. ನೆಪೋಲಿಯನ್ ಎಂಬ ಮನುಷ್ಯ ಇರಲೇ ಇಲ್ಲ ಎಂದು ಅದು ಸಾಧಿಸುತ್ತದೆ! ಹೇಗೆ ನೋಡಿ. ಹೆಸರು ಅಪೊಲೊ ಎಂಬ ಸೂರ್ಯದೇವನದೇ. ತಾಯಿ ಲೆತಿಸಿಯಾ, ಅಪೊಲೊನ ತಾಯಿ ಲೆತೊ. ಹುಟ್ಟಿದ್ದು ಮೆಡಿಟರೇನಿಯನ್ ದ್ವೀಪದಲ್ಲಿ, ಅಪೊಲೊ ಹಾಗೆಯೇ. ನಾಲ್ವರು ಸಹೋದರರು ನಾಲ್ಕು ಋತು. ಕರ್ತವ್ಯದಲ್ಲಿದ್ದ ಹನ್ನೆರಡು ಮಾರ್ಷಲರು ಹನ್ನೆರಡು ರಾಶಿ. ದಕ್ಷಿಣದಲ್ಲಿ ಗೆದ್ದ, ಉತ್ತರದ ಚಳಿಯಲ್ಲಿ ಸೋತ. ಪೂರ್ವದಿಂದ ಬಂದು ಪಶ್ಚಿಮದ ಕಡಲಲ್ಲಿ ಮುಳುಗಿದ. ನೆಪೋಲಿಯನ್ ಸತ್ತು ಆಗ ಆರೇ ವರ್ಷ. ಅವನನ್ನು ಕಣ್ಣಾರೆ ಕಂಡವರು ಊರೂರಲ್ಲಿ ಇದ್ದರು. ಹನ್ನೆರಡು ಎಂಬ ಸಂಖ್ಯೆ ಸಿಕ್ಕ ಕೂಡಲೇ ರಾಶಿ ಎನ್ನುವ ವಿಧಾನದ ದೌರ್ಬಲ್ಯವನ್ನು ಇದಕ್ಕಿಂತ ಚೆನ್ನಾಗಿ ಯಾರೂ ತೋರಿಸಿಲ್ಲ.

ವಿಚಿತ್ರವೆಂದರೆ ಅದೇ ಶತಮಾನದಲ್ಲಿ ಭಕ್ತರೂ ರಾಶಿಚಕ್ರವನ್ನು ಕೈಗೆತ್ತಿಕೊಂಡರು. ಫ್ರಾನ್ಸೆಸ್ ರೋಲೆಸ್ಟನ್, ಆಮೇಲೆ 1893ರಲ್ಲಿ ಇ. ಡಬ್ಲ್ಯು. ಬುಲಿಂಜರ್, ನಕ್ಷತ್ರಪುಂಜಗಳಲ್ಲಿ ದೇವರೇ ಸುವಾರ್ತೆಯನ್ನು ಬರೆದಿಟ್ಟಿದ್ದಾನೆ ಎಂದರು. ಚುಕ್ಕಿ ಅವೇ, ತೀರ್ಮಾನ ಮಾತ್ರ ಪೂರ್ತಿ ಉಲ್ಟಾ.

ಇವತ್ತು ಹರಿದಾಡುವ ವಾದಗಳಲ್ಲಿ ಎರಡನ್ನು ಹತ್ತಿರದಿಂದ ನೋಡಬೇಕು. ಒಂದು, ದೇವರ ‘ಸನ್’ (son) ಅಂದರೆ ‘ಸನ್’ (sun), ಅಂದರೆ ಮಗನೇ ಸೂರ್ಯ ಎನ್ನುವುದು. ಇಂಗ್ಲಿಷ್‌ನಲ್ಲಿ ಕೇಳಲು ಚೆನ್ನಾಗಿದೆ. ಆದರೆ ಸುವಾರ್ತೆಗಳನ್ನು ಬರೆದದ್ದು ಗ್ರೀಕಿನಲ್ಲಿ. ಅಲ್ಲಿ ಮಗ ‘ಹೂಯೊಸ್’, ಸೂರ್ಯ ‘ಹೇಲಿಯೊಸ್’. ಹೀಬ್ರೂವಿನಲ್ಲಿ ಮಗ ‘ಬೆನ್’, ಸೂರ್ಯ ‘ಶೆಮೆಶ್’. ಕನ್ನಡದಲ್ಲಿ ಹೇಳಿ ನೋಡಿದರೆ ಸಾಕು, ಈ ವಾದ ಅಲ್ಲೇ ಬಿದ್ದುಹೋಗುತ್ತದೆ.

ಇನ್ನೊಂದು ಯುಗಗಳ ವಾದ. ಭೂಮಿಯ ಅಕ್ಷ ನಿಧಾನವಾಗಿ ಓಲಾಡುವುದರಿಂದ ವಸಂತ ವಿಷುವದ ಬಿಂದು, ಅಂದರೆ ಮಾರ್ಚ್‌ನಲ್ಲಿ ಹಗಲು ರಾತ್ರಿ ಸಮವಾಗುವಾಗ ಸೂರ್ಯ ಇರುವ ಜಾಗ, ಸುಮಾರು 72 ವರ್ಷಕ್ಕೆ ಒಂದು ಡಿಗ್ರಿ ಹಿಂದೆ ಸರಿಯುತ್ತದೆ. ಪಂಚಾಂಗದ ಅಯನಾಂಶ ಬೆಳೆಯುವುದು ಇದರಿಂದಲೇ. ಒಂದು ರಾಶಿ ದಾಟಲು ಸುಮಾರು 2,160 ವರ್ಷ ಬೇಕು. ಯೇಸುವಿನ ಕಾಲಕ್ಕೆ ಬಿಂದು ಮೀನಕ್ಕೆ ಬಂತು, ಆದ್ದರಿಂದ ಮೀನುಗಾರ ಶಿಷ್ಯರು. ಲೂಕನ ಸುವಾರ್ತೆಯಲ್ಲಿ ನೀರಿನ ಕೊಡ ಹೊತ್ತ ಮನುಷ್ಯನನ್ನು ಹಿಂಬಾಲಿಸಿ ಎಂದದ್ದು ಮುಂದಿನ ಕುಂಭಯುಗದ ಸೂಚನೆ ಎನ್ನುತ್ತಾರೆ. ಆದರೆ 2ನೇ ಶತಮಾನದ ಟಾಲೆಮಿ, ಆ ಕಾಲದ ಅತಿ ದೊಡ್ಡ ಖಗೋಳಜ್ಞ, ಈ ಚಲನೆಯನ್ನು ನೂರು ವರ್ಷಕ್ಕೆ ಒಂದು ಡಿಗ್ರಿ ಎಂದು ನಂಬಿದ್ದ. ಅವನ ಲೆಕ್ಕದಲ್ಲಿ ಒಂದು ರಾಶಿಗೆ 3,000 ವರ್ಷ. ಅವನಿಗೇ ಸಿಗದ ಸಂಖ್ಯೆಯನ್ನು ಇಟ್ಟುಕೊಂಡು ಲೂಕ ಗುಟ್ಟಾಗಿ ಯುಗ ಎಣಿಸುತ್ತಿದ್ದ ಎನ್ನಲು ಆಧಾರವೇನು? ಲೂಕನ ಕಥೆಯಲ್ಲಿ ಆ ಕೊಡ ಹೊತ್ತವನು ಪಾಸ್ಕದ ಊಟಕ್ಕೆ ಮನೆ ತೋರಿಸುವ ಗುರುತು, ಅಷ್ಟೇ.

ನಂಬುವವರ ಕಡೆಯೂ ಇಂಥದೇ ಆಟ ನಡೆಯಿತು. 2017ರ ಸೆಪ್ಟೆಂಬರ್ 23ರಂದು ಪ್ರಕಟನೆ ಗ್ರಂಥದ ಹೆಂಗಸು ಆಕಾಶದಲ್ಲಿ ಕಾಣುತ್ತಾಳೆ ಎಂದು ಹಬ್ಬಿಸಿದರು. ಕನ್ಯಾ ರಾಶಿಯಲ್ಲಿ ಸೂರ್ಯ, ಕಾಲ ಬಳಿ ಚಂದ್ರ, ಹೊಟ್ಟೆಯ ಬಳಿ ಗುರು. ಹನ್ನೆರಡು ನಕ್ಷತ್ರದ ಕಿರೀಟಕ್ಕೆ ಸಿಂಹದ ಒಂಬತ್ತು ನಕ್ಷತ್ರಗಳ ಜೊತೆ ಬುಧ, ಶುಕ್ರ, ಮಂಗಳ. ಬರಿಗಣ್ಣಿಗೆ ಸಿಂಹದಲ್ಲಿ ಒಂಬತ್ತಕ್ಕಿಂತ ಎಷ್ಟೋ ಜಾಸ್ತಿ ನಕ್ಷತ್ರ ಕಾಣುತ್ತವೆ. ಲೆಕ್ಕ ಸರಿಹೋಗಲಿ ಎಂದು ಉಳಿದವನ್ನು ಸುಮ್ನೆ ಬಿಟ್ಟರು. ಆ ದಿನ ಬಂತು, ಹೋಯಿತು.

ಕೊನೆಗೆ ಮತ್ತೆ ಆ ಬಸಿಲಿಕಾಕ್ಕೆ ಬರುತ್ತೇನೆ. 1574ರಲ್ಲಿ ಅಲ್ಲಿ ಹೊಸ ಕಟ್ಟಡದ ಕೆಲಸ ನಡೆಯುತ್ತಿದ್ದಾಗ ನೆಲದಲ್ಲಿ ತೂತು ಬಿತ್ತು. ಕೆಳಗೆ ಒಂದು ಪುಟ್ಟ ಗೋರಿಕೋಣೆ. ಚಕ್ರವರ್ತಿ ಕಾನ್‌ಸ್ಟಂಟೈನ್ ಬಸಿಲಿಕಾ ಕಟ್ಟಿಸುವಾಗ ಆ ಸ್ಮಶಾನಕ್ಕೆಲ್ಲ ಮಣ್ಣು ತುಂಬಿಸಿದ್ದ. 1940ರ ದಶಕದ ಉತ್ಖನನದಲ್ಲಿ ಕೋಣೆ ಪೂರ್ತಿ ತೆರೆಯಿತು. ಗೋಡೆಗಳ ಮೇಲೆ ಬೈಬಲ್‌ನಲ್ಲಿ ದೊಡ್ಡ ಮೀನು ನುಂಗಿದ ಪ್ರವಾದಿ ಯೋನ, ಗಾಳ ಹಾಕಿ ಕೂತ ಬೆಸ್ತ, ಕುರಿ ಹೊತ್ತ ಕುರುಬ. ಮೇಲೆ ಚಾವಣಿಯಲ್ಲಿ ಹೊನ್ನಿನ ಬಣ್ಣದ ಹಿನ್ನೆಲೆ, ಸುತ್ತ ದ್ರಾಕ್ಷಿ ಬಳ್ಳಿ. ನಡುವೆ ಬಿಳಿ ಕುದುರೆಗಳ ರಥದಲ್ಲಿ ಗಡ್ಡವಿಲ್ಲದ ಯುವಕ, ಕೈಯಲ್ಲಿ ಗೋಳ, ತಲೆಯ ಸುತ್ತ ಸೂರ್ಯಕಿರಣ. ಇದು ಬರೀ ಸೂರ್ಯದೇವನ ಚಿತ್ರ ಎನ್ನುವವರೂ ಇದ್ದಾರೆ. ಹೆಚ್ಚಿನ ವಿದ್ವಾಂಸರು ಇದು ಕ್ರಿಸ್ತ ಎನ್ನುತ್ತಾರೆ. ನನಗೂ ಹಾಗೇ ಕಾಣುತ್ತದೆ. ಯೋನನ ಪಕ್ಕ, ಒಳ್ಳೆಯ ಕುರುಬನ ಪಕ್ಕ ಬೇರೆ ಯಾರನ್ನು ಕೂರಿಸುತ್ತಾರೆ? ಸತ್ತವರಿಗೆ ಮತ್ತೆ ಬೆಳಗಾಗಲಿ ಎಂದು ಆ ಮನೆಯವರು ತಮಗೆ ಗೊತ್ತಿದ್ದ ಅತಿ ಚೆಂದದ ಬೆಳಕನ್ನೇ ಚಾವಣಿಗೆ ಹಾಕಿಸಿದ್ದರು.

ಲಿಯೋ ಜನರನ್ನು ಗದರಿಸುತ್ತಿದ್ದಾಗ, ಅದೇ ಬಸಿಲಿಕಾದ ನೆಲದ ಕೆಳಗೆ ಆ ರಥ ಮಣ್ಣಿನಲ್ಲಿ ಮುಚ್ಚಿಕೊಂಡು ಕೂತಿತ್ತು.